ಐದನೇ ಯೂನಿಟ್ಟಿನ ಕೊನೆಯ ಪುಟ

ನಮ್ಮ ಊರಿನಲ್ಲಿ ಯಾರಾದರೂ ಬರೆದದ್ದನ್ನು ಓದುವ ಮೊದಲು, ಬರೆದವರು ಊಟ ಮಾಡಿದ್ದರೋ ಇಲ್ಲವೋ ಎಂದು ವಿಚಾರಿಸಿಕೊಳ್ಳಬೇಕು. ಹಸಿದುಕೊಂಡು ಬರೆದಿದ್ದರೆ ಓದುವವರ ಹೊಟ್ಟೆಯೂ ಚುರುಗುಟ್ಟುತ್ತದೆ. ಜ್ವರದಲ್ಲಿ ಬರೆದಿದ್ದರೆ ಓದುವವರ ಮೈ ಸುಡುತ್ತದೆ. ಓದು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಎಲ್ಲ ಇಳಿದುಹೋಗುತ್ತದೆ, ಹೆದರುವಂಥದ್ದೇನೂ ಇಲ್ಲ. ಅಚ್ಚಾದ ಪುಸ್ತಕಗಳು ಹೊರಗಿನಿಂದ ಬರುತ್ತವೆ, ಅವುಗಳಿಂದ ಮೈಗೆ ಏನೂ ಆಗುವುದಿಲ್ಲ. ಅದಕ್ಕೋ ಏನೋ, ಅವನ್ನು ಯಾರೂ ಅಷ್ಟಾಗಿ ಓದುವುದೂ ಇಲ್ಲ.

ಇದಕ್ಕೆ ತಕ್ಕಂತೆ ನಾವೂ ಬದುಕು ಹೊಂದಿಸಿಕೊಂಡಿದ್ದೇವೆ. ಮಕ್ಕಳು ಬರೆಯಲು ಕೂತರೆ ತಾಯಂದಿರು ಮೊದಲು ತಟ್ಟೆ ತಂದಿಡುತ್ತಾರೆ. ಗಂಡ ಹೆಂಡತಿ ಜಗಳವಾಡಿದ ದಿನ ಅಂಗಡಿಗೆ ಚೀಟಿ ಬರೆದು ಕಳಿಸುವುದಿಲ್ಲ, ಬೇಕಾದ ಸಾಮಾನು ಬಾಯಲ್ಲೇ ಹೇಳಿ ಬರುತ್ತಾರೆ. ಡಾಕ್ಟರು ಅವಸರದಲ್ಲಿ ಗೀಚಿದ ಚೀಟಿ ನೋಡಿ ಔಷಧಿ ಅಂಗಡಿಯವನೂ ಧಡಬಡ ಮಾತ್ರೆ ಕಟ್ಟಿಕೊಡುತ್ತಾನೆ. ಪರೀಕ್ಷೆಯ ಉತ್ತರಪತ್ರಿಕೆಗಳನ್ನಂತೂ ನಮ್ಮ ವಿಶ್ವವಿದ್ಯಾಲಯ ಬೇರೆ ಊರಿಗೇ ಕಳಿಸಿ ತಿದ್ದಿಸುತ್ತದೆ. ಊರ ಗಡಿ ದಾಟಿದರೆ ಅವು ಬರಿ ಅಕ್ಷರ. ಇಲ್ಲೇ ತಿದ್ದುತ್ತಿದ್ದ ಕಾಲದಲ್ಲಿ ಮೇಷ್ಟ್ರುಗಳೆಲ್ಲ ಬೆವರಿ, ಬಾಯಿ ಒಣಗಿ, ಓದಿದ್ದೆಲ್ಲ ಮರೆತವರಂತೆ ಗೋಡೆ ನೋಡುತ್ತಾ ಕೂರುತ್ತಿದ್ದರಂತೆ.

ನಾನು ಅಂಬುಜ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ. ನಮ್ಮಲ್ಲಿ ‘ಪಡಸಾಲೆ’ ಎಂಬ ಜಾಲತಾಣವಿದೆ. ವಿದ್ಯಾರ್ಥಿಗಳು ತಾವು ಬರೆದ ನೋಟ್ಸು, ಹಳೆಯ ಪ್ರಶ್ನೆಗಳಿಗೆ ಉತ್ತರ, ಪ್ರಯೋಗದ ವರದಿ ಎಲ್ಲವನ್ನೂ ಫೋಟೋ ಹಿಡಿದು ಅಲ್ಲಿ ಹಾಕುತ್ತಾರೆ, ಉಳಿದವರು ಓದಿಕೊಳ್ಳುತ್ತಾರೆ. ಹಾಗೆ ಬಂದದ್ದನ್ನು ಮೊದಲು ನಾನು ಓದಬೇಕು. ಓದಿ, ಮೈಗೆ ಏನು ಬಂತು ಎಂದು ಮೇಲೊಂದು ಸಾಲು ಬರೆಯಬೇಕು. ‘ಸ್ವಲ್ಪ ನೆಗಡಿ.’ ‘ಹೊಸ ಚಪ್ಪಲಿ ಕಚ್ಚುತ್ತಿದೆ.’ ‘ಬಿಸಿಬೇಳೆಬಾತ್ ತಿಂದು ಬರೆದದ್ದು, ನಿದ್ದೆ ಬರಬಹುದು.’ ವಿಷಯ ಏನೆಂದು ನನಗೆ ತಿಳಿಯಬೇಕಾಗಿಲ್ಲ, ತಿಳಿಯುವುದೂ ಇಲ್ಲ. ಓದುವವರನ್ನು ಹಾಸಿಗೆ ಹಿಡಿಸುವಂಥದ್ದನ್ನು ಮಾತ್ರ ತಡೆಯುವ ಅಧಿಕಾರವಿದೆ. ಹೊಟ್ಟೆಕಿಚ್ಚಿನಿಂದ ಬರೆದ ರಾಜ್ಯಶಾಸ್ತ್ರದ ನೋಟ್ಸನ್ನೂ ನಾನು ಬಿಟ್ಟಿದ್ದೇನೆ, ಯಾಕೆಂದರೆ ಅದರಿಂದ ಯಾರೂ ಸಾಯುವುದಿಲ್ಲ.

ದಾಕ್ಷಾಯಿಣಿ ಸಂಖ್ಯಾಶಾಸ್ತ್ರದ ಕೊನೆಯ ವರ್ಷದ ಹುಡುಗಿ. ತಾಯಿ ಇಲ್ಲ. ಓದುತ್ತಿರುವಾಗಲೇ ಮದುವೆಯಾಯಿತು, ಓದುತ್ತಿರುವಾಗಲೇ ಬಸುರಿಯೂ ಆದಳು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಅರ್ಧಕ್ಕರ್ಧ ದಿನ ಊರಲ್ಲಿರುವುದಿಲ್ಲ. ಮನೆಯಲ್ಲಿ ಅತ್ತೆ ಪುಟ್ಟಗೌರಮ್ಮ ಮತ್ತು ಇವಳು. ಡಾಕ್ಟರು ಮಲಗಿಕೊಂಡೇ ಇರಬೇಕು ಎಂದ ಮೇಲೆ ಕಾಲೇಜಿಗೆ ಬರುವುದು ನಿಂತಿತು. ಕಾಲೇಜಿಗೆ ಬರಲಾಗದವರಿಗೆ ನಮ್ಮಲ್ಲಿ ಒಂದು ದಾರಿಯಿದೆ. ಒಂದೊಂದು ಯೂನಿಟ್ಟಿಗೂ ನೋಟ್ಸು ಬರೆದು ಪಡಸಾಲೆಗೆ ಹಾಕಬೇಕು. ತರಗತಿಯ ಅರ್ಧದಷ್ಟು ಮಂದಿಯಾದರೂ ಅದನ್ನು ಕೊನೆಯ ಪುಟದವರೆಗೆ ಓದಿದರೆ ಬರೆದವರಿಗೆ ಆ ಯೂನಿಟ್ಟಿನ ಹಾಜರಾತಿ ಸಿಗುತ್ತದೆ. ನಡುವೆ ಬಿಟ್ಟವರು ಲೆಕ್ಕಕ್ಕಿಲ್ಲ. ಪುಟ ಓದಿ ಮುಗಿಸದೆ ಮುಂದಿನ ಪುಟ ತೆರೆಯುವುದೂ ಇಲ್ಲ. ಓದಿದ್ದು ಅದಕ್ಕೆ ಹೇಗೆ ತಿಳಿಯುತ್ತದೋ, ನಾನು ಯಾವತ್ತೂ ಕೇಳಿಲ್ಲ.

ಅವಳ ಅಕ್ಷರ ಮುತ್ತಿನಂಥದ್ದಲ್ಲ, ಆದರೆ ಬರೆದದ್ದು ದಡ್ಡನಿಗೂ ತಲೆಗೆ ಹೋಗುತ್ತಿತ್ತಂತೆ. ಸಂಖ್ಯಾಶಾಸ್ತ್ರದ ಮೇಷ್ಟ್ರು ರೈಲಿಗೆ ಹೊತ್ತಾದವರ ಹಾಗೆ ಪಾಠ ಮಾಡುತ್ತಾರೆ, ಹಾಗಾಗಿ ತರಗತಿ ಪೂರಾ ಇವಳ ನೋಟ್ಸನ್ನೇ ನಂಬಿತ್ತು. ಮೊದಲ ಯೂನಿಟ್ಟಿಗೆ ನಾನು ‘ಬೆಳಗ್ಗೆ ಓದಬೇಡಿ, ಹುಣಸೆಹಣ್ಣು ಹತ್ತಿರವಿರಲಿ’ ಎಂದು ಬರೆದೆ. ಹಾಸ್ಟೆಲಿನ ಹುಡುಗರು ಮಾವಿನಕಾಯಿಗೆ ಉಪ್ಪು ಖಾರ ಸವರಿ ತಿನ್ನುತ್ತಾ ಓದಿದರು. ಮೂರು, ನಾಲ್ಕನೇ ಯೂನಿಟ್ಟಿನ ಹೊತ್ತಿಗೆ ಸೊಂಟ ನೋವು, ಕಾಲು ಊತ. ಬೆನ್ನಿಗೆ ದಿಂಬು ಕೊಟ್ಟುಕೊಂಡು ಓದುವ ಹುಡುಗರನ್ನು ನೋಡಿ ಅಡುಗೆಯವರು ನಗುತ್ತಿದ್ದರು. ಆದರೂ ಎಲ್ಲರೂ ಕೊನೆಯವರೆಗೆ ಓದಿದರು, ಅವಳಿಗೆ ಹಾಜರಾತಿ ಸಿಕ್ಕಿತು.

ಎರಡನೇ ಯೂನಿಟ್ಟನ್ನು ಬಿಟ್ಟೆ ನೋಡಿ. ಅದನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ನಾನು ಮದುವೆಯಾದವಳಲ್ಲ. ಆಗಬಾರದು ಎಂದೇನೂ ಇರಲಿಲ್ಲ, ಆಗಲಿಲ್ಲ ಅಷ್ಟೆ. ಆ ನೋಟ್ಸನ್ನು ಎಂದಿನಂತೆ ಮೇಜಿನ ಮುಂದೆ ಕೂತು ಓದುತ್ತಿದ್ದೆ. ಯಾವುದೋ ಕೋಷ್ಟಕದ ನಡುವೆ ಹೊಟ್ಟೆಯೊಳಗೆ ಮೆಲ್ಲಗೆ ಏನೋ ಹೊರಳಿತು. ಮತ್ತೆ ಹೊರಳಿತು. ನಾನು ಕೈ ಇಟ್ಟುಕೊಂಡು ಸುಮ್ಮನೆ ಕೂತೆ. ಆಮೇಲೆ ‘ಹೊಟ್ಟೆಯಲ್ಲಿ ಅಲುಗಿದರೆ ಗಾಬರಿಯಾಗಬೇಡಿ’ ಎಂದು ಮೇಲೆ ಬರೆದು ಬಿಟ್ಟುಬಿಟ್ಟೆ. ಆದರೆ ಅವತ್ತಿನಿಂದ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆ ಯೂನಿಟ್ಟನ್ನು ಎಷ್ಟು ಸಲ ತೆರೆದು ಓದಿದೆನೋ ನನಗೇ ಗೊತ್ತಿಲ್ಲ. ಸಂತೋಷವಾಗುತ್ತಿತ್ತು, ಅದನ್ನು ಮುಚ್ಚಿಡುವುದೇನಿದೆ.

ಐದನೇ ಯೂನಿಟ್ಟು ಬಂದದ್ದು ಅವಳಿಗೆ ಗಂಡುಮಗುವಾಯಿತು ಎಂಬ ಸುದ್ದಿಯ ಜೊತೆಗೇ. ನೋವು ಶುರುವಾದಾಗ ಬರೆಯಲು ಕೂತಿದ್ದಳಂತೆ. ಆ ಯೂನಿಟ್ಟು ಒಂದೇ ಬಾಕಿ, ಹೆರಿಗೆಯಾದ ಮೇಲೆ ಯಾವಾಗ ಕೈಗೆ ಪೆನ್ನು ಸಿಗುತ್ತದೋ ಎಂಬ ಹೆದರಿಕೆ. ನಾನು ಬಾಗಿಲು ಹಾಕಿಕೊಂಡು ಓದಿದೆ. ಮೊದಲ ಪುಟದಲ್ಲಿ ಸೊಂಟ ಹಿಡಿದು ಬಿಟ್ಟಂತಾಯಿತು. ಮೂರನೇ ಪುಟಕ್ಕೆ ಮೇಜಿನ ಅಂಚು ಹಿಡಿದುಕೊಂಡೆ. ಆಮೇಲಿನ ಪುಟಗಳ ವಿಷಯ ಹೆತ್ತವರಿಗೆ ಹೇಳಬೇಕಾಗಿಲ್ಲ, ಹೆರದವರಿಗೆ ಹೇಳಲು ನನಗೆ ಬರುವುದಿಲ್ಲ. ಕೊನೆಯ ಪುಟದಲ್ಲಿ ಮಾತ್ರ ಕೆಲವೇ ಸಾಲು. ಮೂರನೇ ಪುಟದಲ್ಲಿ ನೋವಿನ ಭರದಲ್ಲಿ ಲೆಕ್ಕ ತಪ್ಪಿ ಬರೆದಿದ್ದೇನೆ, ಹೀಗೆ ತಿದ್ದಿಕೊಳ್ಳಿ, ಎಂದು. ಅದನ್ನು ಹೆರಿಗೆಯಾದ ಮೇಲೆ ಬರೆದಿದ್ದಳು. ಮಗುವನ್ನು ಎಡಗೈಯಲ್ಲಿ ಇಟ್ಟುಕೊಂಡು ಬಲಗೈಯಲ್ಲಿ ಬರೆದಿದ್ದಳು ಎಂದು ಓದಿದ ತಕ್ಷಣ ಗೊತ್ತಾಯಿತು, ಯಾಕೆಂದರೆ ನನ್ನ ಎಡಗೈ ತಾನಾಗಿ ಮಡಚಿಕೊಂಡಿತು, ಅದರ ಮೇಲೆ ಬೆಚ್ಚಗೆ ಒಂದು ಭಾರ ಬಂದು ಕೂತಿತು.

ಮೇಲೆ ಏನು ಬರೆಯುವುದು? ‘ನೋವಿದೆ, ನಡುವೆ ಬಿಡಬೇಡಿ’ ಎಂದಷ್ಟೇ ಬರೆದೆ. ಕೊನೆಯಲ್ಲಿ ಏನಿದೆ ಎಂದು ಹೇಳಲಿಲ್ಲ. ಲೆಕ್ಕದ ತಿದ್ದುಪಡಿಯ ಮಾತು ಆ ಹೊತ್ತಿಗೆ ನನ್ನ ತಲೆಯಲ್ಲೇ ಉಳಿದಿರಲಿಲ್ಲ.

ತರಗತಿಯವರು ತೆರೆದರು, ಮೂರನೇ ಪುಟದವರೆಗೆ ಹೋದರು, ಮುಚ್ಚಿದರು. ಒಬ್ಬ ಹುಡುಗ ಹಾಸ್ಟೆಲಿನ ಕಿಟಕಿ ಸರಳು ಹಿಡಿದುಕೊಂಡು ‘ಅಮ್ಮಾ’ ಎಂದು ಕೂಗಿದ ಕೂಗಿಗೆ ವಾರ್ಡನ್ನು ಓಡಿ ಬಂದರಂತೆ. ಕೊನೆಯ ಪುಟ ಮುಟ್ಟಿದವರು ಒಬ್ಬರೂ ಇಲ್ಲ. ಅಷ್ಟರಲ್ಲಿ ನಿರಂಜನ ಎಂಬ ಹುಡುಗ ‘ಐದನೇ ಯೂನಿಟ್, ಸುಲಭ ಮಾದರಿ’ ಎಂದು ತನ್ನದೊಂದು ಹಾಕಿದ. ಅವನದು ಹೋಟೆಲಿನವರ ಮನೆ, ಬರೆದದ್ದರಲ್ಲಿ ಯಾವಾಗಲೂ ಒಗ್ಗರಣೆಯ ಘಮ. ಓದಿದರೆ ಮಸಾಲೆದೋಸೆ ತಿಂದು ಕಾಫಿ ಕುಡಿದಷ್ಟು ಹಿತ. ದಾಕ್ಷಾಯಿಣಿಯ ಮೊದಲ ಮೂರು ಪುಟಗಳನ್ನು ಹಾಗೇ ನೋಡಿ ಬರೆದು, ಉಳಿದದ್ದನ್ನು ಅಚ್ಚಿನ ಪುಸ್ತಕದಿಂದ ತುಂಬಿಸಿದ್ದ ಎಂದು ನನಗೂ ಕಂಡಿತು. ಆದರೆ ನಕಲು ಎಂದು ತಡೆಯುವ ಅಧಿಕಾರ ನನಗಿಲ್ಲ. ಅದನ್ನು ಓದಿದವರ ಸಂಖ್ಯೆ ಸರಸರ ಏರಿತು. ದಾಕ್ಷಾಯಿಣಿಯದು ನಿಂತಲ್ಲೇ ನಿಂತಿತು.

ನನಗೆ ಮೈಯೆಲ್ಲ ಉರಿಯಿತು. ಅವಳ ಮನೆಗೆ ಹೋದೆ. ಪುಟ್ಟಗೌರಮ್ಮ ಬಾಗಿಲಲ್ಲೇ ತಡೆದರು. ಬಾಣಂತಿ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ.

“ತಪ್ಪು ತಿಳೀಬೇಡಿ ತಾಯಿ. ಕೂಸು ಇನ್ನೂ ಎಳೇದು. ಅಲ್ಲಿಂದ್ಲೇ ಮಾತಾಡಿ, ಅವಳಿಗೆ ಕೇಳುತ್ತೆ.”

ಪರದೆಯ ಆಚೆಯಿಂದ ದಾಕ್ಷಾಯಿಣಿ ಕೇಳಿದಳು, “ಮೇಡಂ, ಎಷ್ಟು ಜನ ಓದಿದಾರೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಪೂರ್ತಿ ಯಾರೂ ಓದಿಲ್ಲಮ್ಮ. ಮೂರನೇ ಪುಟಕ್ಕೆ ನಿಲ್ಲಿಸಿಬಿಡ್ತಾರೆ.”

ಅವಳು ತೊಟ್ಟಿಲು ತೂಗುವ ಸದ್ದು ಕೇಳಿತು. “ನಾನು ಹೊಟ್ಟೆ ತುಂಬಾ ಉಂಡು, ನೆಮ್ಮದಿಯಾಗಿ ಬರೀಬೇಕಿತ್ತು ಅಲ್ವಾ ಮೇಡಂ,” ಎಂದಳು.

“ನೆಮ್ಮದಿ ಆಮೇಲೆ ಎಲ್ಲಿ ಬರ್ತಿತ್ತೇ ನಿಂಗೆ,” ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. “ನೋಡಿ, ನಾನೇನು ಬೇಡ ಅನ್ನಲ್ಲ. ಈ ವರ್ಷ ಪರೀಕ್ಷೆ ಬರೆದ್ರೆ ಬರೆದ್ಲು. ತಪ್ಪಿಹೋದ್ರೆ ಮುಂದಿನ ವರ್ಷ ಮಗು ಅಂಬೆಗಾಲಿಡುತ್ತೆ, ಅದರ ಹಿಂದೆ ಓಡೋರ್ಯಾರು? ನನ್ನ ಮಂಡಿ ನೋಡಿ. ಅವನೋ, ಲಾರಿ ಬಿಟ್ಟು ಇಳಿಯಲ್ಲ. ಹಾಗಾಗಿ ಈ ವರ್ಷಕ್ಕೇ ಕೊನೆ.”

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾಡಿ ಬರುತ್ತಿದ್ದೆ. ಅವರು ಹೇಳಿದ್ದು ನಿಜವಾಗಿತ್ತು. ಬಾಣಂತಿಗೆಂದು ಮಾಡಿದ ಮೆಣಸಿನ ಸಾರನ್ನು ನನಗೂ ಒಂದು ಲೋಟ ಕೊಟ್ಟರು. ಕುಡಿದು ಬಂದೆ.

ಮುಂದಿನ ವಾರ ಕಾಲೇಜಿನಲ್ಲಿ ಕಿರುಪರೀಕ್ಷೆ ನಡೆದು, ಉತ್ತರಗಳು ಬೇರೆ ಊರಲ್ಲಿ ತಿದ್ದಿಸಿಕೊಂಡು ಬಂದವು. ಐದನೇ ಯೂನಿಟ್ಟಿನ ಲೆಕ್ಕವನ್ನು ಇಡೀ ತರಗತಿ ಒಂದೇ ರೀತಿ ತಪ್ಪು ಮಾಡಿತ್ತು. ಮೇಷ್ಟ್ರು ಸಿಟ್ಟಾಗಿ, ಇದನ್ನು ಎಲ್ಲಿಂದ ತಂದಿರೋ ಅಲ್ಲೇ ಹೋಗಿ ಸರಿಮಾಡಿಕೊಳ್ಳಿ ಎಂದು ಹೇಳಿ, ಮೌಲ್ಯಮಾಪನದ ಕೆಲಸಕ್ಕೆಂದು ಬೇರೆ ಊರಿನ ಬಸ್ಸು ಹತ್ತಿದರು. ನಿಜವಾದ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬರುವುದು ಆ ಯೂನಿಟ್ಟಿಗೇ. ಆಗ ನನಗೆ ಆ ಕೊನೆಯ ಪುಟದ ಸಾಲುಗಳು ನೆನಪಾದವು. ನಿರಂಜನ ಮತ್ತು ಇನ್ನು ಕೆಲವರು ಗ್ರಂಥಾಲಯಕ್ಕೆ ಬಂದಾಗ ನಾನೇ ಹೇಳಿದೆ, “ಅದು ತಪ್ಪು ಅಂತ ಬರೆದವಳಿಗೇ ಗೊತ್ತಿದೆ. ಕೊನೇ ಪುಟದಲ್ಲಿ ತಿದ್ದಿದಾಳೆ.”

“ಅಂಬುಜಕ್ಕ, ನಿಮ್ಮ ಹತ್ರ ಆಫೀಸಿಂದು ಪಾಸ್‌ವರ್ಡ್ ಇದೆಯಲ್ಲ,” ಎಂದ ನಿರಂಜನ. “ನೇರವಾಗಿ ಕೊನೇ ಪುಟ ತೆರೆದು ತೋರಿಸಿಬಿಡಿ. ಒಂದೇ ಒಂದು ಫೋಟೋ ಸಾಕು.”

“ಇದೆ. ತೋರಿಸಲ್ಲ.”

“ಯಾಕಕ್ಕ?”

“ಯಾಕೆ ಅಂದ್ರೆ, ನಾನು ತೋರಿಸಿದ್ರೆ ಅವಳ ಲೆಕ್ಕಕ್ಕೆ ಒಬ್ಬರೂ ಸೇರಲ್ಲ. ಅವಳಿಗೆ ಹಾಜರಾತಿ ಇಲ್ಲ, ಹಾಜರಾತಿ ಇಲ್ಲದಿದ್ರೆ ಪರೀಕ್ಷೆ ಇಲ್ಲ, ಈ ವರ್ಷ ಪರೀಕ್ಷೆ ಇಲ್ಲದಿದ್ರೆ ಅವಳಿಗೆ ಇನ್ನು ಓದೇ ಇಲ್ಲ. ನಿಂಗೆ ಮೂರು ಪುಟ ನೋಡಿ ಬರೆಯೋವಾಗ ಇದು ಗೊತ್ತಿತ್ತಾ?”

ಅವನ ಮುಖ ಚಿಕ್ಕದಾಯಿತು. “ಇಲ್ಲ ಅಕ್ಕ, ಸತ್ಯವಾಗ್ಲೂ ಇಲ್ಲ. ಎಲ್ಲರೂ ಒದ್ದಾಡ್ತಿದ್ರು. ನಾನು ಚೆನ್ನಾಗಿ ಊಟ ಮಾಡಿ ಬರೆದ್ರೆ ಎಲ್ಲರಿಗೂ ಉಪಕಾರ ಆಗುತ್ತೆ ಅಂದ್ಕೊಂಡೆ.”

ಅದೂ ನಿಜವೇ ಇರಬೇಕು. ನಮ್ಮ ಊರಿನವರು ಮಾಡುವ ತಪ್ಪೇ ಇದು. ಹಿತವಾದದ್ದೆಲ್ಲ ಸರಿಯಾಗಿರುತ್ತದೆ ಎಂದುಕೊಂಡುಬಿಡುತ್ತೇವೆ. ಅವನನ್ನು ಬೈಯಬೇಕೆಂದಿದ್ದ ಮಾತುಗಳನ್ನು ನುಂಗಿಕೊಂಡು, “ಭಾನುವಾರ ಬೆಳಗ್ಗೆ ಓದುವ ಕೋಣೆ ತೆಗೆದಿಡ್ತೀನಿ. ಎಲ್ಲರೂ ಒಟ್ಟಿಗೆ ಕೂತು ಓದಿ. ಒಬ್ಬೊಬ್ಬರೇ ಓದಿದ್ರೆ ಓಡಿಹೋಗ್ತೀರಿ,” ಎಂದೆ. ಅವತ್ತು ಸಂಜೆಯೇ ನಿರಂಜನ ತನ್ನ ಸುಲಭ ಮಾದರಿಯನ್ನು ಪಡಸಾಲೆಯಿಂದ ತೆಗೆದುಹಾಕಿದ. ನಾನು ಹಾಗೆ ಮಾಡು ಎಂದಿರಲಿಲ್ಲ.

ಭಾನುವಾರ ತರಗತಿಯ ಮುಕ್ಕಾಲು ಪಾಲು ಬಂದಿತ್ತು. ಬಿಸಿನೀರಿನ ಚೀಲ, ದಿಂಬು ಎಲ್ಲ ತಂದಿದ್ದರು, ಒಬ್ಬ ಹುಡುಗ ಹನುಮಂತನ ತಾಯಿತ ಬೇರೆ ಕಟ್ಟಿಕೊಂಡು ಬಂದಿದ್ದ. ಇನ್ನೇನು ಶುರುವಾಗಬೇಕು, ನಾನು ಫೋನಿನಲ್ಲಿ ತಿಳಿಸಿದ್ದನ್ನು ಕೇಳಿ ಪುಟ್ಟಗೌರಮ್ಮ ಕುಂಟುತ್ತಾ ಒಳಗೆ ಬಂದರು, ಕೈಯಲ್ಲಿ ಜೀರಿಗೆ ಕಷಾಯದ ಫ್ಲಾಸ್ಕು. “ಸೊಸೆ ಬರೆದಿದ್ದನ್ನ ಓದೋಕೆ ಇಷ್ಟು ಜನಾನಾ,” ಎಂದು ಬಾಗಿಲಲ್ಲೇ ನಿಂತರು. ಅವರಿಗೆ ಓದು ಬರಹ ಬಾರದು. ನಮ್ಮ ಊರಿನಲ್ಲಿ ಅಂಥವರ ಮೈಗೆ ಸ್ವಂತ ನೋವು ಮಾತ್ರ.

ಎಲ್ಲರೂ ಮೊಬೈಲು ತೆರೆದರು. ಮೊದಲ ಪುಟದಲ್ಲಿ ಒಂದಿಬ್ಬರು ನಕ್ಕರು. ಎರಡನೇ ಪುಟದಲ್ಲಿ ನಗು ನಿಂತಿತು. ಮೂರನೇ ಪುಟದಲ್ಲಿ ಮೊಬೈಲು ಮುಚ್ಚಿ ಎದ್ದವರನ್ನು ಪುಟ್ಟಗೌರಮ್ಮ ಭುಜ ಹಿಡಿದು ಕೂರಿಸಿದರು.

“ಉಸಿರು ಬಿಗಿ ಹಿಡೀಬೇಡ್ರೋ. ಬಾಯಲ್ಲಿ ಬಿಡಿ. ಕೂರೋಕೆ ಆಗದಿದ್ರೆ ಎದ್ದು ಓಡಾಡಿ, ಓಡಾಡ್ತಾ ಓದಿ.”

ಹುಡುಗರು ಒಂದು ಕೈಯಲ್ಲಿ ಮೊಬೈಲು, ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು ಮೇಜುಗಳ ಸುತ್ತ ನಡೆದರು. ಹುಡುಗಿಯರು ಗೋಡೆಗೆ ಹಣೆ ಆನಿಸಿ ಓದಿದರು. ನಿರಂಜನ ಕಬ್ಬಿಣದ ಬೀರು ಹಿಡಿದುಕೊಂಡು ಹಲ್ಲು ಕಚ್ಚಿ ನಿಂತಿದ್ದ.

“ಅಜ್ಜಿ, ಇನ್ನೂ ಎಷ್ಟು ಹೊತ್ತು?”

“ಅದನ್ನ ಹೇಳೋಕಾಗಲ್ಲ ಕಣಪ್ಪ. ಆಗೋವರೆಗೂ ಆಗುತ್ತೆ.” ಅವನ ಬೆನ್ನು ನೀವುತ್ತಾ ಅವರು ನನ್ನ ಕಡೆ ನೋಡಿದರು. “ಇವಳು ಹೀಗಿದ್ದಾಗ ಬರೀತಿದ್ಲಾ ತಾಯಿ? ನಾನು ಬಿಸಿನೀರು ಕಾಯಿಸ್ತಾ ಒಲೆ ಮುಂದಿದ್ದೆ. ಏನೋ ಗೀಚ್ತಾ ಕೂತಿದಾಳೆ, ನೋವು ಅಷ್ಟೇನೂ ಇಲ್ಲ ಅಂದ್ಕೊಂಡೆ.” ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ.

ಇಬ್ಬರು ನಡುವೆ ಬಿಟ್ಟು ಹೊರಗೆ ಹೋದರು. ಉಳಿದವರು ಹೋಗಲಿಲ್ಲ. ಆಮೇಲೆ ಕೋಣೆಯಲ್ಲಿ ನರಳಾಟ ಒಂದೊಂದು ಕಡೆಯಿಂದ ನಿಲ್ಲುತ್ತಾ ಬಂತು. ಮೊದಲು ಗೋಡೆ ಪಕ್ಕದ ಹುಡುಗಿ ಕೊನೆಯ ಪುಟ ತಲುಪಿದಳು. ಅವಳ ಎಡಗೈ ಮಡಚಿಕೊಂಡಿತು. ಆಮೇಲೆ ಇನ್ನೊಬ್ಬರದು, ಮತ್ತೊಬ್ಬರದು. ತಾಯಿತ ಕಟ್ಟಿಕೊಂಡಿದ್ದವನು ತನ್ನ ಕೈಯನ್ನೇ ನೋಡುತ್ತಾ ಅಲುಗಾಡದೆ ಕೂತುಬಿಟ್ಟ. ನಿರಂಜನ ಬೀರು ಬಿಟ್ಟು ನೆಲಕ್ಕೆ ಕುಸಿದು, ಖಾಲಿ ಮಡಿಲ ಮೇಲೆ ಬಾಗಿದ. ಲೆಕ್ಕದ ತಿದ್ದುಪಡಿ ಎದುರಿಗೇ ಇತ್ತು, ಆದರೆ ಸುಮಾರು ಹೊತ್ತು ಯಾರೂ ಅದನ್ನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬೇಕಾದರೆ ಮೊಬೈಲು ಕೆಳಗಿಟ್ಟು ಎಡಗೈ ಬಿಡಿಸಬೇಕಿತ್ತು.

ಪುಟ್ಟಗೌರಮ್ಮ ಆ ಮಡಚಿದ ಕೈಗಳನ್ನು ನೋಡಿದರು. ಏನೆಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಅವರು ಒಬ್ಬೊಬ್ಬರ ಹತ್ತಿರವೂ ಹೋಗಿ ಮೊಣಕೈ ಸ್ವಲ್ಪ ಮೇಲೆತ್ತಿ ಸರಿಮಾಡಿದರು.

“ಕತ್ತಿಗೆ ಆಸರೆ ಕೊಡ್ರೋ. ಹೀಗೆ. ಎಳೇ ಕೂಸು, ಕತ್ತು ನಿಂತಿರಲ್ಲ.”

ಎಲ್ಲರೂ ಅವರು ಹೇಳಿದ ಹಾಗೆ ಹಿಡಿದುಕೊಂಡರು.

ದಾಕ್ಷಾಯಿಣಿಗೆ ಹಾಜರಾತಿ ಸಿಕ್ಕಿತು. ಪರೀಕ್ಷೆಗೆ ಕೂರುವವರ ಪಟ್ಟಿಯಲ್ಲಿ ಅವಳ ಹೆಸರು ಬಂದದ್ದನ್ನು ನಾನೇ ಫೋನು ಮಾಡಿ ತಿಳಿಸಿದೆ. ಅವಳು ಅತ್ತೆಯನ್ನು ಕೂಗಿ ಕರೆದದ್ದು ಕೇಳಿಸಿತು. ಅದಾದ ಮೇಲೂ ನಾನು ಐದನೇ ಯೂನಿಟ್ಟನ್ನು ಆಗಾಗ ಓದುತ್ತಿದ್ದೆ. ನನ್ನ ಹತ್ತಿರ ಪಾಸ್‌ವರ್ಡ್ ಇದ್ದರೂ ಮೊದಲ ಪುಟದಿಂದಲೇ ಓದುತ್ತಿದ್ದೆ. ಒಂದು ಸಲ ನೇರವಾಗಿ ಕೊನೆಯ ಪುಟ ತೆರೆದು ನೋಡಿದ್ದೆ, ಕೈ ಭಾರವಾಯಿತು ಅಷ್ಟೆ, ಬೇರೇನೂ ಇಲ್ಲ.

ಪರೀಕ್ಷೆಯ ದಿನ ಗ್ರಂಥಾಲಯಕ್ಕೆ ರಜೆ ಇದ್ದರೂ ನಾನು ಕಾಲೇಜಿಗೆ ಹೋದೆ. ಗಂಟೆ ಹೊಡೆಯುವ ಹೊತ್ತಿಗೆ ದಾಕ್ಷಾಯಿಣಿ ಆಟೋದಿಂದ ಇಳಿದಳು. ಅವಳನ್ನು ಇಷ್ಟು ತಿಂಗಳಾದ ಮೇಲೆ ನೋಡುತ್ತಿದ್ದೆ, ಬಡವಾಗಿದ್ದಳು. ಎದೆಗೆ ಬಟ್ಟೆಯಲ್ಲಿ ಸುತ್ತಿದ ಮಗು.

“ಅತ್ತೆಗೆ ಜ್ವರ ಬಂದುಬಿಟ್ಟಿದೆ,” ಎಂದಳು, ಉಸಿರು ಸಿಗದೆ. “ಮಗು ಹತ್ರ ಬರಬಾರ್ದು ಅಂತ ಅವರೇ ಕೋಣೆ ಬಾಗಿಲು ಹಾಕ್ಕೊಂಡು, ನೀನು ಹೋಗು, ಅಲ್ಲಿ ಯಾರಾದ್ರೂ ಹಿಡ್ಕೋತಾರೆ ಅಂದ್ರು. ಇವರು ಲಾರಿ ತಗೊಂಡು ಹೋಗಿದಾರೆ.”

ನಿರಂಜನ ಮೊದಲು ಮುಂದೆ ಬಂದ. ಅವನ ಕೈ ಆಗಲೇ ಮಡಚಿತ್ತು, ಕತ್ತಿಗೆ ಆಸರೆ ಕೊಡುವ ಹಾಗೆ. ಅವನ ಹಿಂದೆ ತಾಯಿತದ ಹುಡುಗ, ಗೋಡೆ ಪಕ್ಕದ ಹುಡುಗಿ, ಎಲ್ಲರೂ. ಊರಿನಲ್ಲಿ ಈ ಮಗುವನ್ನು ಎತ್ತಿಕೊಳ್ಳಲು ಗೊತ್ತಿದ್ದವರೆಲ್ಲ ಹಾಲ್ ಟಿಕೆಟ್ ಹಿಡಿದು ಅಲ್ಲೇ ನಿಂತಿದ್ದರು. ಎರಡನೇ ಗಂಟೆ ಹೊಡೆಯಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ನನ್ನ ಕಡೆ ನೋಡಿದರು.

“ಅಂಬುಜಕ್ಕನೂ ಓದಿದಾರೆ,” ಎಂದ ನಿರಂಜನ. “ನಮಗಿಂತ ಮುಂಚೆ ಓದಿದೋರು.”

ದಾಕ್ಷಾಯಿಣಿ ನನ್ನನ್ನು ನೋಡಿದಳು. ನಾನು ಕೇಳುವ ಮೊದಲೇ ಮಗುವನ್ನು ನನ್ನ ಎಡಗೈ ಮೇಲೆ ಇಟ್ಟು, “ಅತ್ತರೆ ಕಿಟಕಿ ಹತ್ರ ತನ್ನಿ ಅಕ್ಕ, ಹಾಲು ಕೊಡ್ತೀನಿ,” ಎಂದು ಹೇಳಿ ಓಡಿದಳು. ಮೇಡಂ ಎನ್ನುತ್ತಿದ್ದವಳು ಅಕ್ಕ ಎಂದದ್ದು ಅವಳಿಗೆ ಗೊತ್ತಾಯಿತೋ ಇಲ್ಲವೋ.

ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿತು. ನಾನು ಜಗಲಿಯಲ್ಲಿ ಒಬ್ಬಳೇ ನಿಂತಿದ್ದೆ. ಈ ಮಗುವಿನ ಭಾರ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಕೈಗೆ ಬಂದಾಗ ತೋಳು ಜಗ್ಗಿತು, ಒಂದು ಗಳಿಗೆ ಗಾಬರಿಯಾಯಿತು. ನನ್ನ ಕೈಗೆ ಗೊತ್ತಿದ್ದದ್ದು ಹುಟ್ಟಿದ ದಿನದ ತೂಕ. ಅದಾದ ಮೇಲೆ ಅವನು ದಿನಾ ಹಾಲು ಕುಡಿದು, ನಿದ್ದೆ ಮಾಡಿ ಬೆಳೆದಿದ್ದ, ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಕಣ್ಣು ಬಿಟ್ಟು ನನ್ನನ್ನು ನೋಡಿದ. ನಾನು ಇನ್ನೊಂದು ಕೈಯನ್ನೂ ಸೇರಿಸಿ ಅವನನ್ನು ಸರಿಯಾಗಿ ಎತ್ತಿಕೊಂಡೆ.